ಬಸ್ಸಿನಲ್ಲಿ ದಾಟಿದ ದಾರಿಯನ್ನು ಒಮ್ಮೆ ನಡೆದು ನೋಡು

ತಂಗೀ, ಬರುವ ತಿಂಗಳು ನಿನ್ನ ನಿವೃತ್ತಿ. ‘ಇನ್ನ ಊರೂರು ತಿರುಗಿ ಪ್ರವಾಸಕಥನ ಬರೀಬೇಕಂತ ಮಾಡೀನಕ್ಕಾ, ಎಲ್ಲಿಂದ ಸುರು ಮಾಡ್ಲಿ?’ ಎಂದು ಕೇಳಿದ್ದೀ. ಕಾಶಿ, ಕೇದಾರ, ಕಾಶ್ಮೀರ ಎಂದು ಪಟ್ಟಿಯನ್ನೂ ಮಾಡಿಟ್ಟಿದ್ದೀ. ಆ ಪಟ್ಟಿ ಇರಲಿ, ಆ ಊರುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ನೀನು ಮೊದಲು ಸಿಂಧನೂರಿನಿಂದ ಮಸ್ಕಿಗೆ ನಡೆದುಕೊಂಡು ಹೋಗು. ಅಲ್ಲಿಂದ ಲಿಂಗಸುಗೂರಿಗೆ ನಡೆ. ನಗಬೇಡ, ಪೂರ್ತಿ ಕೇಳು.

ನೌಕರಿಯುದ್ದಕ್ಕೂ ನೀನು ಈ ದಾರಿಯಲ್ಲೇ ಓಡಾಡಿದವಳು. ಬೆಳಗಿನ ಬಸ್ಸಿಗೆ ಓಡಿ ಹತ್ತಿ, ಸೀಟು ಸಿಕ್ಕರೆ ಉತ್ತರಪತ್ರಿಕೆ ತಿದ್ದಿ, ಸಿಗದಿದ್ದರೆ ಕಂಬಿ ಹಿಡಿದು ನಿಂತು ಹೋದವಳು. ಈಗ ಹೇಳು ನೋಡೋಣ: ಸಿಂಧನೂರು ಬಿಟ್ಟ ಮೇಲೆ ಭತ್ತದ ಗದ್ದೆ ಮುಗಿದು ಜೋಳ, ತೊಗರಿ, ಹತ್ತಿಯ ಹೊಲಗಳು ಸುರುವಾಗುವುದು ಎಲ್ಲಿ? ಎರೆ ಮಣ್ಣು ಮುಗಿದು ಮಸಾರಿ ಮಣ್ಣು ಸುರುವಾಗುವುದು ಯಾವ ಊರಿನ ಸೀಮೆಯಲ್ಲಿ? ದಾರಿಯಲ್ಲಿ ಅಡ್ಡ ಬರುವ ಹಳ್ಳಗಳೆಷ್ಟು, ಅವು ಯಾವ ದಿಕ್ಕಿಗೆ ಹರಿಯುತ್ತವೆ? ನಿನಗೆ ಗೊತ್ತಿರುವುದು ಕ್ರಾಸುಗಳ ಹೆಸರು, ಯಾವ ಕ್ರಾಸಿನಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು, ಅಷ್ಟೇ. ಅದು ನಿನ್ನ ತಪ್ಪಲ್ಲ. ಬಸ್ಸು ನಮ್ಮನ್ನು ಊರಿಂದ ಊರಿಗೆ ಮುಟ್ಟಿಸುತ್ತದೆ, ನಡುವಿನ ಸೀಮೆಯನ್ನು ತೋರಿಸುವುದಿಲ್ಲ. ಓದುಗರಿಗೆ ಬೇಕಾಗಿರುವುದು ಆ ನಡುವಿನ ಸೀಮೆ. ಕೇದಾರದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಈ ದಾರಿಯ ಬಗ್ಗೆ ಬರೆಯಲು ಇಲ್ಲೇ ಆಯುಷ್ಯ ಸವೆಸಿದವರು ಬೇಕು.

ವಯಸ್ಸಿನ ಅಳುಕಿದ್ದರೆ ಇಂದೇ ಬಿಡು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹುಟ್ಟಿದ್ದು 1904ರಲ್ಲಿ. ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ ಬಂದರು, ‘ಅಮೆರಿಕದಲ್ಲಿ ಗೊರೂರು’ ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಹೇಮಾವತಿ ದಂಡೆಯ ಹಳ್ಳಿಯನ್ನು ಜೀವನವಿಡೀ ನೋಡಿದ ಕಣ್ಣು ಅಲ್ಲಿಗೆ ಹೋಗಿತ್ತು, ಪುಸ್ತಕದ ರುಚಿಯೆಲ್ಲ ಅದರಲ್ಲಿದೆ. ವಿನೋಬಾ ಭಾವೆಯವರು 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಿಂದ ಭೂದಾನಕ್ಕಾಗಿ ನಡಿಗೆ ಹೊರಟಾಗ ಅವರಿಗೆ ಐವತ್ತೈದು. ಆಗ ನಮ್ಮ ರಾಯಚೂರು ಜಿಲ್ಲೆಯೂ ಪೋಚಂಪಳ್ಳಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವರು ದೇಶ ಸುತ್ತಿದ್ದು ಕಾಲ್ನಡಿಗೆಯಲ್ಲೇ. ಇಂಗ್ಲಿಷಿನ ಪ್ಯಾಟ್ರಿಕ್ ಲೀ ಫರ್ಮರ್ ಎಂಬಾತ ಹಾಲೆಂಡಿನ ತೀರದಿಂದ ಇಸ್ತಾಂಬುಲ್‌ಗೆ ನಡೆದುಕೊಂಡು ಹೊರಟದ್ದು 1933ರಲ್ಲಿ, ಹದಿನೆಂಟನೆಯ ವಯಸ್ಸಿಗೆ. ಆ ನಡಿಗೆಯ ಮೊದಲ ಪುಸ್ತಕ ಬಂದದ್ದು 1977ರಲ್ಲಿ, ಅವನಿಗೆ ಅರವತ್ತೆರಡಾದಾಗ. ನಡೆದ ಹುಡುಗ ಬೇರೆ, ಬರೆದ ಮುದುಕ ಬೇರೆ. ಓದಿದವರು ಮೆಚ್ಚಿದ್ದು ಆ ಇಬ್ಬರೂ ಕೂಡಿ ಬರೆದದ್ದನ್ನು.

ನಿನ್ನಲ್ಲೂ ಆ ಇಬ್ಬರು ಇದ್ದಾರೆ. ಕಾಲು ಈಗ ಹೊಸದಾಗಿ ಕಲಿಯುತ್ತದೆ, ಕಿವಿ ಮಾತ್ರ ಹಳೆಯದು. ಯಾವ ಓಣಿಯ ಮಾತು ಯಾವುದು, ಯಾವ ಮನೆಯ ಹುಡುಗಿ ಏಳನೇ ಇಯತ್ತೆಗೆ ಶಾಲೆ ಬಿಟ್ಟಳು, ಯಾವ ವರ್ಷ ಯಾವ ಊರಿಗೆ ಊರೇ ಗುಳೆ ಹೋಯಿತು, ಇವೆಲ್ಲ ಹಾಜರಿ ಪುಸ್ತಕ ಬರೆದ ಕೈಗೆ ಗೊತ್ತು. ಇಪ್ಪತ್ತೈದರ ಹುಡುಗ ಕ್ಯಾಮೆರಾ ಹಿಡಿದು ಬಂದರೆ ಅವನಿಗೆ ಇದು ಸಿಗಲು ವರ್ಷಗಳು ಬೇಕು. ಇನ್ನೊಂದು ಮಾತು. ಪ್ರವಾಸಕಥನ ಬರೆದವರಲ್ಲಿ ಗಂಡಸರೇ ಹೆಚ್ಚು, ಅವರಿಗೆ ಚಹಾದಂಗಡಿಯ ಬೆಂಚು ಸಿಕ್ಕಿತು, ಮಠದ ಪಡಸಾಲೆ ಸಿಕ್ಕಿತು. ನಿನಗೆ ಕಳೆ ತೆಗೆಯುವವರ ಸಾಲು ಸಿಗುತ್ತದೆ, ಹತ್ತಿ ಬಿಡಿಸುವವರ ಬುತ್ತಿ ಸಿಗುತ್ತದೆ, ಅಡುಗೆಮನೆಯ ಒಲೆಯ ಮುಂದೆ ಮಣೆ ಸಿಗುತ್ತದೆ. ಅಲ್ಲಿ ಆಡುವ ಮಾತು ಕನ್ನಡದ ಪುಸ್ತಕಗಳಿಗೆ ಬಂದಿರುವುದು ಬಹಳ ಕಡಿಮೆ.

ಈಗ ದಾರಿಗೆ ಬರೋಣ. ಸಿಂಧನೂರನ್ನು ಬರೆಯಬೇಕೆಂದರೆ ಕಾಲುವೆಯಿಂದ ಸುರು ಮಾಡು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ ತಿನ್ನುತ್ತಿದ್ದ ಸೀಮೆ ಭತ್ತ ಬೆಳೆಯುವ ಸೀಮೆಯಾಯಿತು. ನೀರಿನ ಹಿಂದೆಯೇ ಆಂಧ್ರದ ರೈತರು ಬಂದು ಜಮೀನು ಕೊಂಡು ಕ್ಯಾಂಪು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಇಲ್ಲೇ ನೆಲೆ ಕೊಟ್ಟಿತು. ಇಂದಿಗೂ ಆ ಊರುಗಳನ್ನು ಆರ್‌.ಎಚ್‌. ಕ್ಯಾಂಪ್ ಎಂದು ನಂಬರು ಹಚ್ಚಿಯೇ ಕರೆಯುತ್ತಾರೆ. ಒಂದೇ ದಿನದ ನಡಿಗೆಯಲ್ಲಿ ಕನ್ನಡ, ತೆಲುಗು, ಬಂಗಾಳಿ, ಲಂಬಾಣಿ, ಉರ್ದು ಐದೂ ಕಿವಿಗೆ ಬೀಳುವ ಸೀಮೆ ಇದು. ಒಂದು ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಇನ್ನೊಂದು ಮನೆಯಲ್ಲಿ ಮೀನಿನ ಸಾರಿನ ವಾಸನೆ. ದಸರಾ ಹೊತ್ತಿಗೆ ಹೋದರೆ ಒಂದು ಊರಿನಲ್ಲಿ ದೇವಿ ಪುರಾಣ ಓದಿಸುತ್ತಿರುತ್ತಾರೆ, ಬಂಗಾಳಿ ಕ್ಯಾಂಪಿನಲ್ಲಿ ದುರ್ಗಾಪೂಜೆ ನಡೆದಿರುತ್ತದೆ. ಆ ದೇವಿ ಪುರಾಣವನ್ನು ಚಿದಾನಂದ ಅವಧೂತರು ಬರೆದದ್ದು ಸಿಂಧನೂರು ತಾಲೂಕಿನ ಸಿದ್ಧಪರ್ವತದ ಅಂಬಾಮಠದಲ್ಲೇ ಎನ್ನುವುದನ್ನೂ ನೆನಪಿಡು.

ಇಲ್ಲಿ ಕಾಲುವೆಯ ದಂಡೆ ಹಿಡಿದು ನಡೆ. ನೀರು ಮೊದಲು ಸಿಗುವ ಹೊಲ ಯಾವುದು, ಕೊನೆಯ ಭಾಗದ ಹೊಲ ಯಾವುದು ಎಂದು ನೋಡುತ್ತಾ ಹೋಗು. ಕೊನೆಯ ಭಾಗದ ರೈತನಿಗೆ ನೀರು ಮುಟ್ಟಲಿಲ್ಲ ಎನ್ನುವ ಸುದ್ದಿಯನ್ನು ಪತ್ರಿಕೆಯಲ್ಲಿ ಎಷ್ಟು ಸಲ ಓದಿದ್ದೀ. ನಡೆದವರಿಗೆ ಅದು ಕಣ್ಣಿಗೆ ಕಾಣುತ್ತದೆ: ಮೇಲೆ ನಾಟಿ ಮುಗಿದಿದೆ, ಕೆಳಗೆ ಮಡಿ ಇನ್ನೂ ಒಣಗಿದೆ. ಅತ್ತ ಮಸ್ಕಿ ಕಡೆ ಕೃಷ್ಣೆಯ ನೀರಿಗಾಗಿ, 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು. 2021ರ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾಯಿತು. ಕೃಷ್ಣಾ, ತುಂಗಭದ್ರಾ ಎರಡು ಹೊಳೆಗಳ ನಡುವೆ ಇರುವ ಎಡೆದೊರೆ ನಾಡು ನಮ್ಮದು. ಎರಡು ಹೊಳೆಗಳ ನಡುವೆ ಇದ್ದೂ ನೀರಿಗಾಗಿ ರಸ್ತೆಗಿಳಿಯುವುದು ಹೇಗೆ ಎನ್ನುವುದಕ್ಕೆ ನಿನ್ನ ಮೊದಲ ಅಧ್ಯಾಯ ಉತ್ತರ ಕೊಟ್ಟರೆ ಸಾಕು, ಅದು ಪ್ರವಾಸಕಥನವೇ.

ಮಸ್ಕಿಗೆ ಬಂದಾಗ ಅಶೋಕನ ಶಾಸನ ನೋಡದೆ ಯಾರೂ ಹೋಗುವುದಿಲ್ಲ. ನೀನೂ ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ, ‘ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಇಲ್ಲೇ’ ಎಂದು ಹೇಳಿಕೊಟ್ಟವಳೇ. ಅದನ್ನು ಹಾಗೆಯೇ ಬರೆದರೆ ಪಾಠವಾಗುತ್ತದೆ. ಸಿಕ್ಕಿದ ಬಗೆಯನ್ನು ನೋಡು. 1915ರಲ್ಲಿ ಅದನ್ನು ಕಂಡವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಾ ಬೆಟ್ಟ ಗುಡ್ಡ ಅಲೆಯುತ್ತಿದ್ದವನ ಕಣ್ಣಿಗೆ ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ ಬಿತ್ತು. ಅವನಿಗಿಂತ ಮೊದಲೇ, 19ನೇ ಶತಮಾನದಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಸ್ಕಿಯ ಸುತ್ತ ತಿರುಗಿ ಹಳೆಯ ಕಾಲದ ಜನ ಬಾಳಿದ ಗುರುತುಗಳನ್ನು ಕಂಡಿದ್ದ. 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ಉತ್ಖನನ ಮಾಡಿದಾಗ ನವಶಿಲಾಯುಗದಿಂದ ಹಿಡಿದು ಒಂದರ ಮೇಲೊಂದು ಕಾಲದ ನೆಲೆಗಳು ಹೊರಬಂದವು. ಇವರಲ್ಲಿ ಮೊದಲಿಬ್ಬರು ಕಲ್ಲು ಓದಲು ಬಂದವರು. ಕಲ್ಲಿನ ಮೇಲೆ, ಕಲ್ಲಿನ ನಡುವೆ ಮನುಷ್ಯರ ಸುಳಿವು ಕಂಡಾಗ ನಿಂತು ನೋಡಿದರು. ನೀನೂ ಹೊರಡುವಾಗ ಏನಾದರೂ ಒಂದನ್ನು ಹುಡುಕುತ್ತಾ ಹೊರಡು, ಹಳ್ಳವಾಗಲಿ, ಬಾವಿಯಾಗಲಿ, ಬೇವಿನ ಮರವಾಗಲಿ. ಸುಮ್ಮನೆ ‘ಎಲ್ಲ ನೋಡುತ್ತೇನೆ’ ಎಂದು ಹೊರಟವರಿಗೆ ಏನೂ ಕಾಣುವುದಿಲ್ಲ. ಒಂದನ್ನು ಹುಡುಕುವವರಿಗೆ ಹತ್ತು ಸಿಗುತ್ತವೆ.

ಅಶೋಕನೂ ತಿರುಗಾಡಿದವನೇ. ಮೊದಲಿನ ಅರಸರು ಬೇಟೆಗೂ ವಿನೋದಕ್ಕೂ ಯಾತ್ರೆ ಹೋಗುತ್ತಿದ್ದರು, ತಾನು ಪಟ್ಟವೇರಿ 10 ವರ್ಷವಾದ ಮೇಲೆ ಧರ್ಮಯಾತ್ರೆಗೆ ಹೊರಟೆ ಎಂದು ಅವನೇ ತನ್ನ ಎಂಟನೆಯ ಬಂಡೆಗಲ್ಲು ಶಾಸನದಲ್ಲಿ ಹೇಳಿದ್ದಾನೆ. ಹಿರಿಯರನ್ನು ಕಾಣುವುದು, ಹಳ್ಳಿಗಾಡಿನ ಜನರನ್ನು ಕಂಡು ಮಾತಾಡುವುದು ಆ ಯಾತ್ರೆಯ ಕೆಲಸವಾಗಿತ್ತು. ಮಸ್ಕಿಯ ಶಾಸನದ ಸಾರವೂ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಧರ್ಮದ ದಾರಿ ತೆರೆದಿದೆ ಎನ್ನುವುದೇ. ಶಾಸನದ ಬಂಡೆಯ ಹತ್ತಿರ ಕುರಿ ಬಿಟ್ಟುಕೊಂಡು ಕೂತವನನ್ನು ಮಾತಾಡಿಸದೆ ಬಂದರೆ ಅದನ್ನು ಅರ್ಧವೇ ಓದಿದಂತಾಯಿತು.

ಲಿಂಗಸುಗೂರಿನ ದಾರಿಯಲ್ಲಿ ಸರಕು ಇನ್ನೂ ದಟ್ಟ. ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿದ್ದ ಊರು ಅದು. ತಾಲೂಕಿನೊಳಗೇ ಹಟ್ಟಿಯ ಚಿನ್ನದ ಗಣಿ ಇದೆ, ಮುದಗಲ್ಲಿನ ಕೋಟೆ ಇದೆ, ಕೃಷ್ಣೆಯ ನಡುಗಡ್ಡೆಯಲ್ಲಿ ಜಲದುರ್ಗವಿದೆ. ಮುದಗಲ್ಲಿನ ಸಮೀಪದ ಪಿಕಳಿಹಾಳದಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞ 1952ರಲ್ಲಿ ಅಗೆದು, ದನ ಸಾಕಿಕೊಂಡಿದ್ದ ನವಶಿಲಾಯುಗದ ಜನರ ನೆಲೆಯನ್ನು ಬೆಳಕಿಗೆ ತಂದ. ಮುದಗಲ್ಲಿನ ಮೊಹರಂ ನೋಡಲು ಜನ ದೂರದಿಂದ ಬರುತ್ತಾರೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂಗಳು ಯಾರು, ಮುಸ್ಲಿಮರು ಯಾರು ಎಂದು ಹೇಳಲಾಗದು. ಅಲ್ಲಿಗೆ ಹೋಗುವ ಮುಂಚೆ ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಓದು. ಊರೂರು ತಿರುಗಿ ಜನರ ಬಾಯಿಂದ ಕೇಳಿ ಬರೆಯುವುದು ಹೇಗೆಂದು ಅದರಿಂದ ಗೊತ್ತಾಗುತ್ತದೆ.

ಇಷ್ಟೆಲ್ಲ ಇದೆ ಎಂದು ಎಲ್ಲವನ್ನೂ ಒಂದೇ ಲೇಖನಕ್ಕೆ ತುರುಕಬೇಡ. ಇದನ್ನು ಹೇಳಲು ಲಿಂಗಸುಗೂರು ತಾಲೂಕಿನ ಅಮರೇಶ್ವರದ ಗಂಡ ಹೆಂಡಿರೇ ಸಾಕು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇಲ್ಲಿಂದ ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬಾಳಿದವರು. ಒಂದು ದಿನ ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ, ಇದು ನಮ್ಮ ಇಂದಿನ ಊಟಕ್ಕಿಂತ ಮಿಗಿಲು, ಅಲ್ಲೇ ಸುರಿದು ಬಾ ಎಂದು ಮರಳಿ ಕಳಿಸಿದಳು. ಬರಹಕ್ಕೂ ಅದೇ ಲೆಕ್ಕ. ದಾರಿಯಲ್ಲಿ ಕಂಡದ್ದನ್ನೆಲ್ಲ ಆಯ್ದುಕೊಂಡು ಬಾ, ಆದರೆ ಆ ದಿನದ ಬರಹಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡು. ಕೋಟೆಯ ಬಗ್ಗೆ ಬರೆಯುವ ದಿನ ಗಣಿ ಬೇಡ.

ಇನ್ನು ಕಾಲಿನ ಮಾತು. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು ಒಂದೊಂದೂ ಸುಮಾರು 25ರಿಂದ 30 ಕಿಲೋಮೀಟರ್. ಒಂದೇ ದಿನ ನಡೆಯುವ ಹಟ ಬೇಡ. ಬೆಳಿಗ್ಗೆ ಎಂಟು ಹತ್ತು ಕಿಲೋಮೀಟರ್ ನಡೆ, ಸಿಕ್ಕ ಕ್ರಾಸಿನಲ್ಲಿ ಬಸ್ಸು ಹತ್ತಿ ಮನೆಗೆ ಬಾ, ಮರುವಾರ ಅದೇ ಕ್ರಾಸಿನಲ್ಲಿ ಇಳಿದು ಮುಂದಕ್ಕೆ ಹೆಜ್ಜೆ ಹಾಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ. ಬರೆಯುವ ಹೆಂಗಸಿಗೆ ಸರ್ಕಾರ ಇದಕ್ಕಿಂತ ದೊಡ್ಡ ಸಹಾಯಧನ ಕೊಟ್ಟದ್ದಿಲ್ಲ! ತುಂಡು ತುಂಡಾಗಿ ನಡೆದರೆ ನಡಿಗೆಯ ಬೆಲೆಯೇನೂ ಕಡಿಮೆಯಾಗುವುದಿಲ್ಲ. ನಡುವೆ ಒಂದು ವಾರ ಸಿಗುವುದರಿಂದ ಬರೆಯಲು ಹೊತ್ತೂ ಸಿಗುತ್ತದೆ.

ಹೊರಡುವ ಎರಡು ಮೂರು ತಿಂಗಳ ಮುಂಚೆಯೇ ದಿನವೂ ನಡೆಯುವ ರೂಢಿ ಮಾಡು. ಮೊದಲು ಎರಡು ಮೂರು ಕಿಲೋಮೀಟರ್, ಆಮೇಲೆ ನಿಧಾನವಾಗಿ ಹೆಚ್ಚಿಸು. ಡಾಕ್ಟರಿಗೆ ಮೊಣಕಾಲು ತೋರಿಸು, ಬಿಪಿ ಸಕ್ಕರೆ ನೋಡಿಸು. ಸಕ್ಕರೆ ಕಾಯಿಲೆ ಇದ್ದರೆ ದಿನವೂ ರಾತ್ರಿ ಪಾದದ ಅಡಿ ನೋಡಿಕೊಳ್ಳಬೇಕು, ಸಣ್ಣ ಗುಳ್ಳೆಯನ್ನೂ ಅಲಕ್ಷ್ಯ ಮಾಡುವ ಹಾಗಿಲ್ಲ. ನಡೆದಂತೆ ಪಾದ ಊದುತ್ತದೆ, ಆದ್ದರಿಂದ ಬೂಟನ್ನು ಸಂಜೆ ಹೊತ್ತು ಕೊಳ್ಳು, ಬೆರಳ ಮುಂದೆ ಸ್ವಲ್ಪ ಜಾಗ ಉಳಿಯುವಂಥದ್ದನ್ನು ಆರಿಸು. ಸೀರೆಯ ಕೆಳಗೆ ಬೂಟು ಹಾಕಿದರೆ ನಗುತ್ತಾರೆಂದು ಹೆದರಬೇಡ, ಒಂದು ದಿನ ನಗುತ್ತಾರೆ, ಮರುದಿನ ‘ಎಷ್ಟು ಕೊಟ್ಟಿ ಇದಕ್ಕ?’ ಎಂದು ಕೇಳುತ್ತಾರೆ.

ನಮ್ಮ ಸೀಮೆಯ ಬಿಸಿಲನ್ನು ನಿನಗೆ ಹೇಳಿಕೊಡಬೇಕೇ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಫೆಬ್ರುವರಿಯ ಆಚೆಗೆ ಉದ್ದನೆಯ ನಡಿಗೆ ಬೇಡ. ದೀಪಾವಳಿ ಮುಗಿದ ಮೇಲೆ ಸುರು ಮಾಡು. ನಸುಕಿನಲ್ಲಿ ಹೊರಟು ಹತ್ತು ಗಂಟೆಯೊಳಗೆ ನೆರಳು ಸೇರು. ನೀರಿನ ಜೊತೆ ಉಪ್ಪು ಸಕ್ಕರೆ ಬೆರೆಸಿದ ಬಾಟಲಿಯೊಂದು ಇರಲಿ. ಹೆದ್ದಾರಿಯಲ್ಲಿ ಹೋಗಲೇಬೇಕಾದಾಗ ಬಲಗಡೆಗೆ, ಎದುರಿನಿಂದ ಬರುವ ಗಾಡಿ ಕಾಣುವಂತೆ ನಡೆ. ಸುಗ್ಗಿಯಲ್ಲಿ ಭತ್ತದ ಲಾರಿ, ಕಟಾವಿನ ಯಂತ್ರ, ಕೂಲಿಯವರನ್ನು ಹೇರಿಕೊಂಡ ಟಂಟಂ ಎಲ್ಲವೂ ಅಂಚಿಗೇ ಬರುತ್ತವೆ. ಸಾಧ್ಯವಾದಷ್ಟೂ ಕಾಲುವೆ ದಂಡೆ, ಬಂಡಿದಾರಿ ಹಿಡಿ. ನಾಯಿಗೆಂದು ಕೈಯಲ್ಲಿ ಕೋಲಿರಲಿ, ಇಳಿಜಾರಿನಲ್ಲಿ ಅದು ಮೊಣಕಾಲಿಗೂ ಆಗುತ್ತದೆ. ಒಬ್ಬಳೇ ಹೋಗುವ ದಿನ ಯಾವ ದಾರಿ, ಎಷ್ಟು ಹೊತ್ತಿಗೆ ಎಲ್ಲಿರುತ್ತೀ ಎಂದು ಮನೆಯಲ್ಲಿ ಹೇಳಿ ಹೋಗು. ಇದರಲ್ಲಿ ಅಂಜುಬುರುಕುತನವೇನೂ ಇಲ್ಲ, ನಡೆಯುವವರ ಶಿಸ್ತು ಅದು.

ದಾರಿ ಗೊತ್ತಿಲ್ಲದಿದ್ದರೆ ಕುರಿಯವರನ್ನು ಕೇಳು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು, ಹೆಂಡಿರು ಮಕ್ಕಳ ಸಮೇತ ಜಿಲ್ಲೆ ಜಿಲ್ಲೆ ನಡೆಯುವವರು ಅವರು. ಯಾವ ಹಳ್ಳದಲ್ಲಿ ನೀರಿದೆ, ಯಾವ ಗುಡ್ಡದ ಬದಿಗೆ ಅಡ್ಡದಾರಿ ಇದೆ ಎನ್ನುವುದು ಮೊಬೈಲಿನ ನಕಾಶೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ದೂರದ ನಡಿಗೆಯ ಬಗ್ಗೆ ನಾನು ನಿನಗೆ ಹೇಳಬಹುದಾದ ಎಲ್ಲಕ್ಕಿಂತ ಅವರೊಡನೆ ಒಂದು ಹೊತ್ತು ಕೂತರೆ ಹೆಚ್ಚು ಕಲಿಯುತ್ತೀ.

ಜನರ ಜೊತೆ ಮಾತಿಗೆ ಕೂರುವಾಗ ನೋಟುಬುಕ್ಕು ಚೀಲದಲ್ಲೇ ಇರಲಿ. ಕೈಯಲ್ಲಿ ಹಿಡಿದರೆ ಆಯಿತು, ಯಾವುದೋ ಸಮೀಕ್ಷೆಗೆ ಬಂದವಳೆಂದು ತಿಳಿಯುತ್ತಾರೆ. ‘ನನಗ ಗೃಹಲಕ್ಷ್ಮಿ ರೊಕ್ಕ ಬಂದಿಲ್ಲ ನೋಡವ್ವಾ, ಬರಕೋ’ ಎಂದು ಸುತ್ತ ನೆರೆಯುತ್ತಾರೆ. ಅದೂ ಕಥೆಯೇ, ಇಲ್ಲವೆನ್ನುವುದಿಲ್ಲ. ಆದರೆ ಆಮೇಲೆ ಅವರು ಅಧಿಕಾರಿಯ ಮುಂದೆ ಆಡುವ ಮಾತನ್ನೇ ಆಡುತ್ತಾರೆ. ‘ಎಲ್ಲಿಗೆ ಹೊಂಟೀಯವ್ವಾ, ಬಸ್ಸು ತಪ್ಪೈತೇನು?’ ಎಂದು ಅವರೇ ಕೇಳಲಿ. ‘ಸುಮ್ಮನ ನಡಕೊಂತ ಹೊಂಟೀನಿ’ ಎಂದು ಹೇಳು, ಅವರಿಗೆ ಅಚ್ಚರಿಯಾಗುತ್ತದೆ, ಮಾತು ತಾನೇ ಬೆಳೆಯುತ್ತದೆ. ನಿನಗೆ ಕೇಳಲೇಬೇಕೆನಿಸಿದರೆ ಕೆಲಸದ ಬಗ್ಗೆ ಕೇಳು: ಈ ಕುಡುಗೋಲು ಎಲ್ಲಿ ಮಾಡಿಸಿದ್ದು, ಈ ಬೀಜ ಯಾವುದು, ಇವತ್ತಿನ ಕೂಲಿ ಎಷ್ಟು. ಕೆಲಸದ ಮಾತಿನಿಂದ ಸುರುವಾದದ್ದು ಮನೆಯ ಮಾತಿಗೆ ಬರಲು ಹೊತ್ತು ಬೇಕಾಗುವುದಿಲ್ಲ. ಹಾಗೆ ಬಂದ ಮನೆಯ ಮಾತನ್ನು ಹೆಸರು ಹಾಕಿ ಬರೆಯಬೇಡ. ನಂಬಿ ಹೇಳಿದ ಹೆಣ್ಣುಮಗಳ ಊರಿನ ಗುರುತೂ ಸಿಗದಂತೆ ಬರೆ. ನಿನ್ನ ಲೇಖನ ಒಂದು ವಾರದ್ದು, ಅವಳು ಆ ಓಣಿಯಲ್ಲಿ ಜೀವನವಿಡೀ ಬಾಳಬೇಕು.

ಎಳ್ಳಮಾವಾಸ್ಯೆಯ ದಿನ ಮಾತ್ರ ಮನೆಯಲ್ಲಿ ಕೂರಬೇಡ. ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವವರು ದಾರಿಯಲ್ಲಿ ಹೋಗುವವರನ್ನು ಕರೆಯದೆ ಬಿಡುವುದಿಲ್ಲ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ತಿಂದ ಮೇಲೆ ನಡೆಯಲು ಆಗುವುದಿಲ್ಲ, ಅಂದು ಮಾತೇ ನಡಿಗೆ. ಜೋಳ ಹಾಲುಗಾಳು ಕಟ್ಟಿದಾಗ ಸೀತನಿ ತಿನ್ನಲು ಕರೆದರೂ ಬೇಡ ಎನ್ನಬೇಡ. ಕೈಯಲ್ಲಿ ಬಾಳೆಹಣ್ಣೋ ಬಿಸ್ಕತ್ತೋ ಇರಲಿ, ಉಂಡ ಮನೆಯ ಮಕ್ಕಳಿಗೆ ಕೊಡು. ದುಡ್ಡು ಕೊಡಲು ಹೋಗಬೇಡ, ಕರೆದವರಿಗೆ ಅದರಿಂದ ನೋವಾಗುತ್ತದೆ.

ಮನೆಗೆ ಬಂದ ದಿನವೇ ಬರೆ. ಮಲಗುವ ಮುಂಚೆ ಒಂದು ತಾಸು ಕೂತು ಮೂರು ಭಾಗ ಮಾಡು: ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಪುಸ್ತಕದಲ್ಲಿ ಓದಿದ್ದು. ಈ ಮೂರನ್ನು ಕಲಸಿದ ಬರಹ ಎಷ್ಟು ಚೆಂದವಿದ್ದರೂ ನಂಬಿಕೆ ಕಳೆದುಕೊಳ್ಳುತ್ತದೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆಯನ್ನೇ ತೆಗೆದುಕೋ. ಆ ಚೆಲುವೆಗಾಗಿ ವಿಜಯನಗರದ ದೇವರಾಯ ದಂಡು ಕಳಿಸಿದ, ಅದಕ್ಕೇ ಬಹಮನಿ ಸುಲ್ತಾನ ಫಿರೋಜ್ ಷಾನ ಜೊತೆ ಯುದ್ಧವಾಯಿತು ಎಂದು ಕೋಟೆ ತೋರಿಸುವವರೆಲ್ಲ ಹೇಳುತ್ತಾರೆ. ಅದನ್ನು ಬರೆದಿಟ್ಟವನು ಫೆರಿಷ್ತಾ, ಯುದ್ಧ ನಡೆದು ಸುಮಾರು 200 ವರ್ಷವಾದ ಮೇಲೆ. ಕಥೆಯನ್ನು ಬಿಡಬೇಡ, ‘ಫೆರಿಷ್ತಾ ಹೀಗೆ ಬರೆದಿದ್ದಾನೆ, ಊರಿನವರು ಹೀಗೆ ಹೇಳುತ್ತಾರೆ’ ಎಂದು ಸೇರಿಸು. ಹಾಗೆಯೇ ಚೋಳ ರಾಜೇಂದ್ರನೂ ಚಾಲುಕ್ಯ ಜಯಸಿಂಹನೂ ಕಾದಾಡಿದ ಮುಸಂಗಿ ನಮ್ಮ ಮಸ್ಕಿಯೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ‘ಗುರುತಿಸುತ್ತಾರೆ’ ಎಂದೇ ಬರೆ, ನೀನು ನಿಂತು ನೋಡಿದವಳಂತೆ ಬರೆಯಬೇಡ.

ಬರೆಯುವಾಗ ‘ರಮಣೀಯ’, ‘ನಯನಮನೋಹರ’ ಎಂಬ ಮಾತು ಬಂದಲ್ಲಿ ಪೆನ್ನು ನಿಲ್ಲಿಸು. ಅಲ್ಲಿ ನೀನು ನೋಡುವುದನ್ನು ಬಿಟ್ಟಿದ್ದೀ ಎಂದು ಅರ್ಥ. ಬಂಡೆಯ ಬಣ್ಣ ಹೇಳು, ಹೊಲದ ಬೆಳೆಯ ಹೆಸರು ಹೇಳು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಹೇಳು, ಓದುಗ ತಾನೇ ನೋಡಿಕೊಳ್ಳುತ್ತಾನೆ. ಮಾತನ್ನು ಆಡಿದವರ ನುಡಿಯಲ್ಲೇ ಇಡು. ನಮ್ಮ ಕಡೆಯ ಮಾತನ್ನು ಬೆಂಗಳೂರಿನವರಿಗೆ ಅರ್ಥವಾಗಲೆಂದು ತಿದ್ದಲು ಹೋಗಬೇಡ. ನಲವತ್ತು ವರ್ಷ ತಿದ್ದಿದ್ದು ಸಾಕು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಓದು, ಕಾರಂತರ ‘ಅಬೂವಿನಿಂದ ಬರಾಮಕ್ಕೆ’ ಓದು. ಒಬ್ಬರು ಹಾಳು ಹಂಪೆಯ ಮುಂದೆ ಹೇಗೆ ನಿಂತರು, ಇನ್ನೊಬ್ಬರು ಶಿಲ್ಪಗಳನ್ನು ನೋಡಲು ಎಷ್ಟು ದೂರ ಅಲೆದರು ಎಂದು ತಿಳಿಯಲಿ. ಆಮೇಲೆ ಆ ಪುಸ್ತಕಗಳನ್ನು ಮುಚ್ಚಿಟ್ಟು ನಿನ್ನ ಮಾತಿನಲ್ಲಿ ಬರೆ.

ಈ ದಾರಿಗಳು ಕಾಲಿಗೆ ಹತ್ತಿದ ಮೇಲೆ ದೂರದ ಆಸೆ ತೀರಿಸಿಕೊಳ್ಳಬಹುದು. ಯುಗಾದಿಯ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೋಗುವವರ ಸಾಲು ನಮ್ಮ ಜಿಲ್ಲೆಯ ರಸ್ತೆಗಳಲ್ಲೇ ಹಾಯುತ್ತದೆ. ಹೆಗಲ ಮೇಲೆ ಕಂಬಿ, ಕೆಲವರು ಮರಗಾಲ ಮೇಲೆ, ಅಜ್ಜಿಯರೂ ಬಾಣಂತನ ಮುಗಿಸಿದ ಹುಡುಗಿಯರೂ ಒಟ್ಟಿಗೆ. ದಾರಿಯುದ್ದಕ್ಕೂ ದಾಸೋಹ, ಕಾಲಿಗೆ ಎಣ್ಣೆ ತಿಕ್ಕುವವರು ಕೂಡ ಇರುತ್ತಾರೆ. ಕೊನೆಗೆ ನಲ್ಲಮಲದ ಕಾಡು, ಭೀಮನ ಕೊಳ್ಳದ ಏರು ಇಳಿವು. ಅದು ಬಿಸಿಲಿನ ಕಾಲ, ಆದ್ದರಿಂದ ಮೊದಲ ವರ್ಷ ಒಂದೆರಡು ದಿನ ಅವರ ಜೊತೆ ನಡೆದು ವಾಪಸು ಬಾ, ಪೂರ್ತಿ ನಡಿಗೆಯನ್ನು ಮುಂದಿನ ವರ್ಷಕ್ಕಿಡು. ಭಕ್ತಿಯಿಂದ ನಡೆಯುವವರ ನಡುವೆ ನೋಡಲೆಂದು ಬಂದವಳಾಗಿ ನಿಲ್ಲಬೇಡ, ಅವರ ಜೊತೆ ಉಂಡು, ಅವರ ಜೊತೆ ಮಲಗಿ, ಅವರ ನೋವಿನ ಕಾಲಿಗೆ ನೀನೂ ಎಣ್ಣೆ ಹಚ್ಚು.

ನನಗೆ ಬಹಳ ದಿನದಿಂದ ಇನ್ನೊಂದು ದಾರಿ ಮನಸ್ಸಿನಲ್ಲಿದೆ, ಕಾಲು ಈಗ ಕೇಳುವುದಿಲ್ಲ, ನಿನಗೆ ಬಿಟ್ಟಿದ್ದೇನೆ. ಮಸ್ಕಿಯಿಂದ ಹೊರಟು ಸಿಂಧನೂರಿಗೆ ಬಂದು, ತುಂಗಭದ್ರೆ ದಾಟಿ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳ ಸೇರುವುದು. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಮುಟ್ಟುವುದು. ಐದೂ ಕಡೆ ಅಶೋಕನ ಶಾಸನವಿದೆ. ನಿಟ್ಟೂರು, ಉದೇಗೋಳದ ಶಾಸನಗಳಲ್ಲೂ ಅವನ ಹೆಸರಿದೆ. ಎರಡು ಸಾವಿರ ವರ್ಷಗಳ ಹಿಂದೆ ಯಾರೋ ಈ ಬಂಡೆಗಳನ್ನು ಆರಿಸಿದರು. ಯಾಕೆ ಇವೇ ಬಂಡೆಗಳು, ಆಗ ಇಲ್ಲಿ ಯಾವ ದಾರಿ ಹಾಯುತ್ತಿತ್ತು, ಚಿನ್ನಕ್ಕಾಗಿ ಬಂದವರೋ ಹೊಳೆ ದಾಟುವವರೋ ಅದನ್ನು ಓದಿಸಿ ಕೇಳುತ್ತಿದ್ದರು ಎಂದು ನಡೆಯುತ್ತಾ ಯೋಚಿಸು. ವಿದ್ವಾಂಸರು ಶಾಸನಗಳನ್ನು ಓದಿದ್ದಾರೆ. ಅವುಗಳ ನಡುವಿನ ನೆಲವನ್ನು ಕಾಲಿನಿಂದ ಓದಿ ಕನ್ನಡದಲ್ಲಿ ಬರೆದರೆ ಅದೊಂದು ಒಳ್ಳೆಯ ಪುಸ್ತಕ.

ಪುಸ್ತಕ, ಪ್ರಶಸ್ತಿಯ ಚಿಂತೆ ಈಗಲೇ ಬೇಡ. ರಾಜ್ಯದ ಸಾಹಿತ್ಯ ಅಕಾಡೆಮಿ ಪ್ರವಾಸ ಸಾಹಿತ್ಯಕ್ಕೆಂದೇ ಪುಸ್ತಕ ಬಹುಮಾನ ಕೊಡುತ್ತದೆ, ಅದು ಬಂದಾಗ ಬರಲಿ. ಮೊದಲು ಭಾನುವಾರದ ಪುರವಣಿಗೆ ಆಗುವಷ್ಟು, ಎಂಟುನೂರು ಪದದ ಲೇಖನ ಬರೆ. ಒಂದು ಲೇಖನಕ್ಕೆ ಒಂದೇ ನಡಿಗೆ, ಒಂದೇ ವಿಷಯ. ಮರಳಿ ಬಂದರೆ ಬೇಜಾರು ಮಾಡಿಕೊಳ್ಳದೆ ಇನ್ನೊಂದು ಪತ್ರಿಕೆಗೆ ಕಳಿಸು. ಸಂಭಾವನೆಯಿಂದ ಬೂಟಿನ ಖರ್ಚು ಹುಟ್ಟಿದರೆ ದೊಡ್ಡದು, ಪಿಂಚಣಿ ಇದೆಯಲ್ಲ. ಅಚ್ಚಾದ ಪ್ರತಿಯನ್ನು ಮಾತ್ರ ಬರೆದ ಊರಿಗೆ ಒಯ್ದು, ಮಾತಾಡಿದವರ ಮುಂದೆ ಓದಿ ಹೇಳು. ‘ಹಿಂಗಲ್ಲವ್ವಾ ನಾ ಅಂದಿದ್ದು’ ಎಂದು ಅವರು ತಿದ್ದಿದರೆ ಬರೆದುಕೋ. ನಿನ್ನ ಎರಡನೆಯ ಲೇಖನ ಅಲ್ಲಿಂದಲೇ ಸುರುವಾಗುತ್ತದೆ.

ನಿವೃತ್ತಿಯ ಸತ್ಕಾರದಲ್ಲಿ ಶಾಲು, ಹಾರ, ಫಲತಾಂಬೂಲ ಎಲ್ಲ ಬರುತ್ತವೆ. ಏನು ಬೇಕೆಂದು ನಿನ್ನ ಸಹೋದ್ಯೋಗಿಗಳು ಕೇಳಿದರೆ ನಾಚಿಕೊಳ್ಳದೆ ಒಂದು ಜೊತೆ ಒಳ್ಳೆಯ ಬೂಟು ಕೇಳು. ಮುಂದಿನ ಸೋಮವಾರದಿಂದಲೇ ಕಾಲುವೆ ದಂಡೆಯ ಮೇಲೆ ಎರಡು ಕಿಲೋಮೀಟರ್ ಸುರು ಮಾಡು. ದೀಪಾವಳಿ ಮುಗಿದ ಮೇಲೆ ಮಸ್ಕಿ ದಾರಿಯ ಮೊದಲ ತುಂಡು ನಡೆದು, ಬರೆದದ್ದನ್ನು ತೆಗೆದುಕೊಂಡು ನನ್ನ ಮನೆಗೆ ಬಾ. ಕೆಂಪು ಪೆನ್ನು ತಯಾರಿಟ್ಟಿರುತ್ತೇನೆ.